ಒಂದು ಚಮಚ ಬೊಂಡದ ನೀರು

ನಾನು ಓದಿದ ಕುಂದಾಪುರದ ಕಾಲೇಜಿನವರು ಈಚೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ನಿರೂಪಣೆಯ ಹುಡುಗಿ ಮೈಕ್ ಹಿಡಿದು, "ಕಾಯಿಲೆಯನ್ನೇ ಮೆಟ್ಟಿಲಾಗಿಸಿಕೊಂಡು ಸೇವೆಯ ಶಿಖರ ಏರಿದ ನಮ್ಮ ಹೆಮ್ಮೆಯ ಹಳೆ ವಿದ್ಯಾರ್ಥಿನಿ" ಎಂದು ಪರಿಚಯಿಸಿದಳು. ಚಪ್ಪಾಳೆ ಬಿತ್ತು, ಹೆಗಲ ಮೇಲೆ ಶಾಲೂ ಬಿತ್ತು. ನಾನು ಮೈಕ್ ತೆಗೆದುಕೊಂಡು, "ಮೊದಲನೆಯದಾಗಿ, ನಾನು ಮಾಡುವುದು ಸೇವೆಯಲ್ಲ, ಕೆಲಸ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ಎರಡನೆಯದಾಗಿ, ಕಾಯಿಲೆ ಅಷ್ಟು ಒಳ್ಳೆಯ ಮೆಟ್ಟಿಲಾಗಿದ್ದರೆ ಇಲ್ಲಿರುವ ಎಲ್ಲರೂ ಒಂದೊಂದು ಸಲ ಹತ್ತಿ ಬರಬಹುದು, ನನ್ನದೇನೂ ಅಡ್ಡಿಯಿಲ್ಲ" ಎಂದೆ. ಹಿಂದಿನ ಬೆಂಚಿನವರು ನಕ್ಕರು. ಮುಂದಿನ ಸಾಲಿನವರು ನಗಲಿಲ್ಲ.

ಚಹಾ ಕುಡಿಯುವಾಗ, ನನಗೆ ಚರ್ಚಾಸ್ಪರ್ಧೆ ಕಲಿಸಿದ ಮಾಷ್ಟ್ರು ಹತ್ತಿರ ಬಂದರು. "ಎಂತ ಹೆಣ್ಣೆ, ಹೊಗಳಿರೂ ಜಗ್ಳವಾ ನಿಂದ್?"

"ಅವರು ಹೇಳಿದ್ದೇ ತಪ್ಪಿತ್ತು ಸರ್."

"ಹಾಂಗಾರೆ ಸಮ ಮಾಡಿ ಬರಿ. ಬರೀ ಬಾಯಂಗ್ ಹೇಳಿರೆ ಎಂತ ಆತ್ತ್?"

ಸರಿ, ಬರೆಯುತ್ತೇನೆ.

ಎಲ್ಲರೂ ಹೇಳುವ ಕತೆ ಹೀಗಿದೆ: ಮನುಷ್ಯ ಕಾಯಿಲೆ ಬೀಳುತ್ತಾನೆ, ನೋವಿನಲ್ಲಿ ಅವನಿಗೆ ಏನೋ ಬೆಳಕು ಕಾಣುತ್ತದೆ, ಎದ್ದು ಪರರ ಸೇವೆಗೆ ಹೊರಡುತ್ತಾನೆ. ಕೇಳಲು ಚಂದ. ಆದರೆ ಮಲಗಿದಲ್ಲಿಂದ ನನಗೆ ಕಂಡದ್ದು ಮಾಡಿನ ಹಂಚು, ತಿರುಗುವ ಫ್ಯಾನು, ನನ್ನ ಮೇಲೆ ಬಾಗಿ ನನ್ನ ಬಗ್ಗೆಯೇ ಮಾತಾಡುತ್ತಿದ್ದವರ ಗದ್ದಗಳು. ನನ್ನನ್ನು ಈ ಕೆಲಸಕ್ಕೆ ತಂದದ್ದು ಸಿಟ್ಟು. ಅದಕ್ಕೂ ಒಂದು ಶಾಲು ಹೊದಿಸುವುದಾದರೆ ಹೊದಿಸಲಿ.

ನಮ್ಮ ಮನೆ ಕುಂದಾಪುರದ ಹತ್ತಿರ, ಕೋಡಿಯಲ್ಲಿ. ಅಪ್ಪಯ್ಯ ಬೋಟಿಗೆ ಹೋಗುವವರು. ಡಿಗ್ರಿಯ ಕೊನೆಯ ವರ್ಷ ನನಗೊಂದು ಜ್ವರ ಬಂದು ಹೋಯಿತು. ಅದರ ಬೆನ್ನಿಗೇ ಪಾದ ಜೋಮು ಹಿಡಿಯಿತು. ಒಂದು ಬೆಳಿಗ್ಗೆ ಬಸ್ಸು ಹತ್ತಲು ಕಾಲೆತ್ತಿದರೆ ಕಾಲು ಏಳಲಿಲ್ಲ. ಆಮೇಲೆ ಕೈ, ಮುಖ, ಗಂಟಲು. ದೇಹದ ಕಾವಲು ಪಡೆಯೇ ದಾರಿ ತಪ್ಪಿ ನಮ್ಮ ನರಗಳ ಮೇಲೆ ಬೀಳುವ ರೋಗ ಎಂದು ಡಾಕ್ಟರು ವಿವರಿಸಿದರು. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟು ಮೆಷಿನ್ನಿನಲ್ಲಿ ಉಸಿರಾಡಿಸಿದರು. ನನ್ನನ್ನು ಬದುಕಿಸಿದರು, ಅದರಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಮನೆಗೆ ಕಳಿಸುವಾಗ ಆಡಿದ ಒಂದು ಮಾತಿನ ಬಗ್ಗೆ: "ಇನ್ನು ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ."

ಚೆನ್ನಾಗಿ ಅಂದರೆ ಹೇಗೆ? ಅಮ್ಮ ಕೇಳಲಿಲ್ಲ, ಕೇಳಿದರೆ ದಡ್ಡಿ ಅಂದುಕೊಂಡಾರು ಎಂದು. ಅವರು ಹೇಳಲೂ ಇಲ್ಲ, ಹೆಂಗಸಿಗೆ ಇದೆಲ್ಲ ಹುಟ್ಟಿದಾಗಲೇ ಗೊತ್ತಿರುತ್ತದೆ ಎಂದು. ಆಸ್ಪತ್ರೆಯಲ್ಲಿ ಮೂರು ಪಾಳಿಯ ನರ್ಸುಗಳು ಸೇರಿ ಮಾಡುತ್ತಿದ್ದ ಕೆಲಸವನ್ನು, ಮೀನು ಕೊಯ್ಯುತ್ತ, ಅಕ್ಕಿ ಬೇಯಿಸುತ್ತ, ಒಬ್ಬಳೇ ಹೆಂಗಸು ಮಾಡಬೇಕು. ಮಾಡಿದರೆ ಅದು ತಾಯಿಯ ಮಮತೆ. ಬೆನ್ನಿಗೆ ಹುಣ್ಣಾದರೆ ಅದು ಅವಳ ಅಲಕ್ಷ್ಯ. ಎಂಥ ನ್ಯಾಯ ಮಾರಾಯ್ರೆ!

ಮನೆಗೆ ಬಂದಾಗ ನನ್ನ ಮೂಗಿನಲ್ಲಿ ಊಟದ ಪೈಪಿತ್ತು. ಗಂಟಲಿನ ಕೊಳವೆ ತೆಗೆದಿದ್ದರೂ ದನಿ ಹೊರಟಿರಲಿಲ್ಲ. ಎಡಗೈಯ ಹೆಬ್ಬೆರಳು ಮಾತ್ರ ಅಷ್ಟಿಷ್ಟು ಅಲ್ಲಾಡುತ್ತಿತ್ತು. ಕಿವಿ ಮತ್ತು ತಲೆಗೆ ಏನೂ ಆಗಿರಲಿಲ್ಲ. ಇದೊಂದು ವಿಷಯ ಯಾರ ಲೆಕ್ಕಕ್ಕೂ ಬರಲಿಲ್ಲ.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವುದು ಕಡ್ಡಾಯ. ಹೋಗದಿದ್ದರೆ ಮಾತು ಬರುತ್ತದೆ. ಬರಿಗೈಯಲ್ಲಿ ಹೋದರೂ ಬರುತ್ತದೆ. ಬ್ರೆಡ್ಡು, ಮೂಸಂಬಿ, ಇಲ್ಲದಿದ್ದರೆ ಒಂದು ಜೊತೆ ಬೊಂಡ, ಅಂದರೆ ಎಳನೀರಿನ ಕಾಯಿ. ಎಳನೀರಿಗಿಂತ ತಂಪು, ಎಳನೀರಿಗಿಂತ ಮಡಿ ಬೇರೊಂದಿಲ್ಲ ಎಂಬುದು ಊರಿನ ನಂಬಿಕೆ. ಹಾಸಿಗೆಯಲ್ಲಿದ್ದವರ ಬಾಯಿಗೆ ಬಂದವರೆಲ್ಲ ತಮ್ಮ ಕೈಯಾರೆ ಒಂದೊಂದು ಚಮಚ ಬಿಟ್ಟರೆ ಅವರ ಪ್ರೀತಿ ಸಂದಂತೆ. ಬಂದವರು ಮಂಚದ ಸುತ್ತ ಕುರ್ಚಿ ಎಳೆದುಕೊಂಡು ಕೂತರೆ, ಮಾತು ನನ್ನ ಮೇಲಿಂದ ಈ ಕಡೆಗೂ ಆ ಕಡೆಗೂ ಹೋಗುತ್ತಿತ್ತು.

"ಊಟ ಮಾಡ್ತ್ಲಾ?"

"ಪೈಪಂಗೆ ಕೊಡುದ್" ಎನ್ನುವರು ಅಮ್ಮ.

"ಅಯ್ಯೋ ಕರ್ಮವೇ. ಗುರ್ತ ಆದ್ರೂ ಸಿಕ್ಕತ್ತಾ ಇವ್ಳಿಗೆ?"

ನನ್ನನ್ನೇ ಕೇಳಿದ್ದರೆ ಸಿಗುತ್ತಿತ್ತು. ಆ ಹೆಂಗಸು ಆಚೆಮನೆಯವರು, ನಮ್ಮ ಬಾವಿಕಟ್ಟೆಗೆ ದಿನಾ ಬರುವವರು. ಆಮೇಲೆ ಅವರೇ ದನಿ ತಗ್ಗಿಸಿ, ಅಂದರೆ ಎಲ್ಲರಿಗೂ ಕೇಳುವಷ್ಟು ತಗ್ಗಿಸಿ, ಹೇಳಿದರು: "ಕಾಲೇಜಂಗೆ ಸ್ಟೇಜ್ ಹತ್ತಿ ದರ್ಶನ ಎಲ್ಲ ಸುಳ್ಳ್ ಅಂದಿದ್ಲ್ ಅಂಬ್ರ್. ಈಗ ಕಾಣಿ, ಬಾಯೇ ಕಟ್ಟಿ ಹೋಯ್ತ್."

ಪಾತ್ರಿಯ ಮೈಮೇಲೆ ದೇವರು ಬಂದು ನುಡಿ ಕೊಡುವ ದರ್ಶನದ ಬಗ್ಗೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಆದದ್ದು ನಿಜ. ಆದರೆ ಚೀಟಿ ಎತ್ತಿದಾಗ ನನಗೆ ಬಂದದ್ದು ಪರ ಪಕ್ಷ! ದರ್ಶನ ಬೇಕು, ಅದು ಊರಿನ ಜಗಳ ತೀರಿಸುತ್ತದೆ, ಮನಸ್ಸಿಗೆ ಧೈರ್ಯ ಕೊಡುತ್ತದೆ ಎಂದು ನಂಬಿಕೆಯೇ ಇಲ್ಲದ ನಾನು ಅಚ್ಚುಕಟ್ಟಾಗಿ ವಾದಿಸಿ ಕಪ್ ಗೆದ್ದಿದ್ದೆ. ಆ ಕಪ್ಪು ಆ ಹೆಂಗಸಿನ ತಲೆಯ ಮೇಲಿನ ಶೋಕೇಸಿನಲ್ಲೇ ಇತ್ತು. ದೇವರು ಶಿಕ್ಷೆ ಕೊಡುವುದಾದರೂ ಎರಡೂ ಕಡೆಯ ವಾದ ಕೇಳಿ ಕೊಡಬೇಡವೇ? ಉತ್ತರ ನಾಲಿಗೆಯ ತುದಿಯಲ್ಲಿತ್ತು. ನಾಲಿಗೆ ಏಳುತ್ತಿರಲಿಲ್ಲ.

ಹೀಗೆ ಬಂದವರಲ್ಲಿ ನನ್ನ ಅತ್ತೆಯೂ ಒಬ್ಬರು. ಅಪ್ಪಯ್ಯನ ಅಕ್ಕ, ಬೈಂದೂರಿನಲ್ಲಿ ಮೀನು ಮಾರುವವರು. ಅವರ ಗಂಟಲು ಎಷ್ಟು ದೊಡ್ಡದೆಂದರೆ, ಅವರು ಬಂಗುಡೆ ಕೂಗಿದರೆ ಪಕ್ಕದಲ್ಲಿ ಕೂತವರು ತಮ್ಮ ಮೀನಿನ ಹೆಸರು ಹೇಳಲು ಕಾಯಬೇಕು. ಚಿಕ್ಕಂದಿನಲ್ಲಿ ನನಗೆ ವಾದ ಮಾಡಲು ಕಲಿಸಿದ್ದೇ ಅವರು. ಮಾಷ್ಟ್ರು ಅದಕ್ಕೆ ನಿಯಮ ಹಾಕಿಕೊಟ್ಟರು, ಅಷ್ಟೇ. ಅತ್ತೆ ತಮ್ಮ ಹಿತ್ತಿಲ ಬೊಂಡ ಹಿಡಿದುಕೊಂಡು ಬಸ್ಸಿನಲ್ಲಿ ಬಂದರು. ಮೂಗಿನ ಪೈಪು ನೋಡಿ ಅತ್ತರು.

"ಎಲ್ಲ ಪೈಪಂಗೇ ಹೊಯ್ದ್ರೆ ನಿನ್ ಬಾಯಿಗೆ ಎಂತ ರುಚಿ ಸಿಕ್ಕತ್ತ್ ಮಗಾ? ತಕೊ, ಒಂದ್ ಚಮ್ಚ."

ನಾನು ಅಂಗಾತ ಮಲಗಿದ್ದೆ. ಬೇಡ ಎನ್ನಬೇಕಿತ್ತು. ಹೆಬ್ಬೆರಳು ಅಲ್ಲಾಡಿಸಿದೆ. ಹೊದಿಕೆಯ ಅಡಿಯಲ್ಲಿದ್ದ ಹೆಬ್ಬೆರಳನ್ನು ಯಾರು ನೋಡುತ್ತಾರೆ? ನೀರು ಬಾಯಿಗೆ ಬಿತ್ತು, ಹಿಂದಕ್ಕೆ ಹರಿಯಿತು, ಹೋಗಬಾರದ ಕಡೆ ಹೋಯಿತು. ಕೆಮ್ಮಿ ಹೊರಗೆ ಹಾಕುವಷ್ಟು ಶಕ್ತಿ ಎದೆಯಲ್ಲಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಕುಡದ್ಲ್ ಕಾಣಿ! ಕುಡದ್ಲ್!" ಎಂದು ಅತ್ತೆ ಇಡೀ ಮನೆಗೆ ಸಾರಿದರು. ಕಣ್ಣೀರು ಕಂಡು, ಗುರುತು ಸಿಕ್ಕಿತು ಎಂದು ಎಲ್ಲರೂ ಸಂತೋಷಪಟ್ಟರು.

ಮರುದಿನ ಜ್ವರ ಏರಿತು. ಎದೆಯಲ್ಲಿ ಗೊರಗೊರ. ಶ್ವಾಸಕೋಶಕ್ಕೆ ನೀರು ಹೋಗಿ ನ್ಯುಮೋನಿಯಾ. ಮತ್ತೆ ಅದೇ ಆಸ್ಪತ್ರೆ, ಅದೇ ಮೆಷಿನ್ನು. ಈ ಸಲ ಬದುಕುವುದು ಕಷ್ಟ ಎಂದು ಡಾಕ್ಟರು ಅಪ್ಪಯ್ಯನಿಗೆ ಹೇಳಿದ್ದು ನನಗೂ ಕೇಳಿಸಿತು, ಯಾಕೆಂದರೆ ಅದನ್ನೂ ನನ್ನ ಮಂಚದ ಪಕ್ಕ ನಿಂತೇ ಹೇಳಿದರು. ಊರಿನಲ್ಲಿ ಮಾತ್ರ, ತುಂಬ ಜನ ಬಂದು ದೃಷ್ಟಿಯಾಯಿತು ಎಂದಾಯಿತು. ಬೊಂಡದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮುಂದೆ ದನಿ ಬಂದ ಮೇಲೂ ನಾನು ಅತ್ತೆಗೆ ಹೇಳಲಿಲ್ಲ.

ಎರಡನೆಯ ಸಲ ಮನೆಗೆ ಬರುವಾಗ, ಕೆಲಸ ಗೊತ್ತಿದ್ದವರೊಬ್ಬರನ್ನು ಇಟ್ಟುಕೊಳ್ಳಿ ಎಂದು ಡಾಕ್ಟರು ಗದರಿಯೇ ಕಳಿಸಿದರು. ಹಾಗೆ ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಒಬ್ಬ ಅಕ್ಕ ಬರತೊಡಗಿದರು. ಬಂದವರೇ ನನ್ನ ಮುಖದ ಎದುರು ಮುಖ ತಂದು, "ನಿನ್ನ ಎಂತ ಹೇಳಿ ಕರೀಕ್?" ಎಂದರು.

ಅಮ್ಮ ನನ್ನ ಹೆಸರು ಹೇಳಿದರು.

"ಅಮ್ಮಾ, ನಾ ಕೇಂಡದ್ದ್ ಇವ್ಳತ್ರ" ಎಂದು ಅಕ್ಕ ಹೊದಿಕೆ ಸರಿಸಿ, ಎಲ್ಲಿ ಏನು ಅಲ್ಲಾಡುತ್ತದೆ ಎಂದು ಹುಡುಕಿದರು. ಹೆಬ್ಬೆರಳು ಸಿಕ್ಕಿತು. "ಒಂದ್ ಸಲ ಎತ್ತಿರೆ ಹೌದ್. ಎರಡ್ ಸಲ ಎತ್ತಿರೆ ಅಲ್ಲ. ಆಯ್ತಾ? ಫ್ಯಾನ್ ಜೋರಾಯ್ತಾ ನಿಂಗೆ?"

ಒಂದು ಸಲ.

ಆಸ್ಪತ್ರೆಯಿಂದ ಬಂದಾಗಿನಿಂದ ನಾನು ಚಳಿಗೆ ನಡುಗುತ್ತಿದ್ದೆ. ಒಳಗೇ ನಡುಗುತ್ತಿದ್ದೆ, ಹೊರಗೆ ನಡುಗಲೂ ಮೈ ಕೇಳುತ್ತಿರಲಿಲ್ಲ. ಅಕ್ಕ ಹೋಗಿ ಫ್ಯಾನು ತಗ್ಗಿಸಿದರು. ಸೆಕೆಯಾಗದಿರಲಿ ಎಂದು ಅದನ್ನು ಅಷ್ಟು ಜೋರಾಗಿ ಇಟ್ಟವರು ಅಮ್ಮ. ಬಾಗಿಲ ಹತ್ತಿರ ನಿಂತಿದ್ದ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರಿಗೆ ಯಾರು ಹೇಳಿಕೊಟ್ಟಿದ್ದರು?

ಈ ಅಕ್ಕನನ್ನು ದೇವತೆ ಮಾಡಲು ನಾನು ತಯಾರಿಲ್ಲ. ಮೈ ಒರೆಸುವಾಗೆಲ್ಲ ಟಿವಿ ಧಾರಾವಾಹಿಯ ಕತೆ ಹೇಳಿ ತಲೆ ತಿನ್ನುತ್ತಿದ್ದರು. ಮೀನು ಸಾರಿಗೆ ಹುಳಿ ಕಡಿಮೆ ಎಂದು ಅಮ್ಮನಿಗೇ ಪಾಠ ಮಾಡುತ್ತಿದ್ದರು. ದೃಷ್ಟಿ, ದೋಷ, ದರ್ಶನ, ಅವರು ನಂಬದ ವಿಷಯವೇ ಇರಲಿಲ್ಲ. ನನ್ನ ಹೆಸರಿನಲ್ಲಿ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡಿದ್ದರು. ಮುಂದೆ ದನಿ ಮರಳಿದಾಗ ನಾನು ಆಡಿದ ಮೊದಲ ಪೂರ್ತಿ ವಾಕ್ಯ, "ಹರಕೆ ಗಿರಕೆ ಬ್ಯಾಡ ಅಕ್ಕ."

"ದನಿ ಬಂದದ್ದೇ ಹರಕೆಂದ. ಬಾಯ್ ಮುಚ್ಚ್."

"ಬಂದ ದನಿ ಮುಚ್ಚುಕೆ ಹೇಳ್ತ್ರಲೆ?"

ಈ ವಾದ ಇವತ್ತಿಗೂ ಮುಗಿದಿಲ್ಲ. ಆದರೆ ಏನನ್ನೂ ನಂಬದ ನನ್ನನ್ನು, ಎಲ್ಲವನ್ನೂ ನಂಬುವ ಆ ಹೆಂಗಸು ಪ್ರತಿಯೊಂದಕ್ಕೂ ಕೇಳಿಯೇ ಮುಟ್ಟುತ್ತಿದ್ದರು. ಮಗ್ಗುಲು ಬದಲಿಸುವ ಮೊದಲು, ಪೈಪಿಗೆ ಗಂಜಿ ತಿಳಿ ಬಿಡುವ ಮೊದಲು, ಕಿಟಕಿ ಮುಚ್ಚುವ ಮೊದಲು. ವೈಚಾರಿಕರು ಎಂದು ನಾನು ತಿಳಿದಿದ್ದ ಯಾರೂ ಅದನ್ನು ಮಾಡಿರಲಿಲ್ಲ.

ನಡೆಯಲು ಬಂದ ಮೇಲೆ (ಈಗಲೂ ಎಡಗಾಲು ಸ್ವಲ್ಪ ಎಳೆಯುತ್ತದೆ) ನಾನೂ ಈ ಕೆಲಸದ ತರಬೇತಿಗೆ ಹೋಗುತ್ತೇನೆ ಎಂದೆ. ಮನೆಯಲ್ಲಿ ಬಿರುಗಾಳಿ ಎದ್ದಿತು.

"ಇಷ್ಟ್ ಮಾತ್ ಬಪ್ಪೋಳ್ ವಕೀಲಿ ಆಯ್ಕಿತ್ತ್" ಎಂದರು ಅತ್ತೆ.

"ಯಾರ್ಯಾರ್ದೋ ಹೇಲ್ ಬಾಚುಕೆ ಡಿಗ್ರಿ ಬೇಕಿತ್ತಾ ನಿಂಗೆ?" ಎಂದರು ಅಪ್ಪಯ್ಯ.

"ನಂದ್ ಬಾಚಿದ್ದ್ ಯಾರ್ ಅಪ್ಪಯ್ಯ?"

ಅಪ್ಪಯ್ಯ ಟವೆಲು ಹೆಗಲಿಗೆ ಹಾಕಿಕೊಂಡು ಬಂದರಿಗೆ ಹೋದರು. ಅದನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡೆ.

ಕೆಲಸಕ್ಕೆ ಇಳಿದ ಮೇಲೆ ಸಿಟ್ಟು ಕಡಿಮೆಯಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ನನಗೆ ಏನು ಬರುತ್ತದೆ ಎಂದು ಕೇಳುವ ಮೊದಲು, "ಎಲ್ಲಾಯ್ತ್? ಯಾರ ಪೈಕಿ?" ಎಂದು ಸುತ್ತಿ ಬಳಸಿ ಜಾತಿ ಕೇಳಿದರು. ಅವರ ತಂದೆಯ ಮೈಯನ್ನು ಅಡಿಯಿಂದ ಮುಡಿವರೆಗೆ ನಾನೇ ತೊಳೆಯಬೇಕು, ಅದಕ್ಕೆ ಅಡ್ಡಿಯಿಲ್ಲ. ನನ್ನ ಚಹಾದ ಲೋಟ ಮಾತ್ರ ಹಿತ್ತಿಲ ಕಲ್ಲಿನ ಮೇಲೆ ಬೇರೆ. ಆ ಮುದುಕರು ನನ್ನ ಕೈಯಿಂದಲೇ ಉಣ್ಣುತ್ತಿದ್ದರು. ಈ ವಾದದಲ್ಲಿ ತರ್ಕ ಎಲ್ಲಿದೆ ಎಂದು ಆ ಮನೆಯ ಹಿರಿಮಗನಲ್ಲಿ ಕೇಳಿದೆ. ಮರುದಿನದಿಂದ ಬರುವುದು ಬೇಡ ಎಂದರು. ಬ್ರಹ್ಮಾವರದ ಇನ್ನೊಂದು ಮನೆಯವರು ನೆಂಟರ ಎದುರು ನನ್ನನ್ನು "ನಮ್ಮ ದೂರದ ಸಂಬಂಧದ ಹುಡುಗಿ" ಎಂದರು. ಅಮ್ಮನನ್ನು ನೋಡಿಕೊಳ್ಳಲು ಹೊರಗಿನವರನ್ನು ಇಟ್ಟಿದ್ದು ಅವರಿಗೆ ಮರ್ಯಾದೆಯ ಪ್ರಶ್ನೆ. ಆ ಅಮ್ಮನ ಬೆನ್ನಿನ ಹುಣ್ಣು ಯಾರ ಮರ್ಯಾದೆಯ ಪ್ರಶ್ನೆ?

ಈ ಮಳೆಗಾಲ ಕಳೆದ ಮೇಲೆ ಬೈಂದೂರಿನಿಂದ ಫೋನು ಬಂತು. ಅತ್ತೆಯ ಮಗ, ನನಗೆ ಬಾವ. ಅತ್ತೆಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋಗಿತ್ತು. ಮಾತು ಪೂರ್ತಿ ನಿಂತಿತ್ತು. ಆಸ್ಪತ್ರೆಯವರು ಮೂಗಿಗೆ ಪೈಪು ಹಾಕಿ, ಚೆನ್ನಾಗಿ ನೋಡಿಕೊಳ್ಳಿ ಎಂದು ಮನೆಗೆ ಕಳಿಸಿದ್ದರು. ಅದೇ ಮಾತು.

"ನೀ ಬಾ. ಕೆಲ್ಸದೋಳಾಯಿ ಬಪ್ಪುದ್ ಬ್ಯಾಡ, ಮನಿ ಹೆಣ್ಣಾಯಿ ಬಾ" ಎಂದರು ಬಾವ.

"ಮನಿ ಹೆಣ್ಣಾಯಿ ಬಂದ್ರೆ ನನ್ ಮಾತ್ ಯಾರೂ ಕೇಂತಿಲ್ಲೆ ಬಾವ. ಕೆಲ್ಸದೋಳಾಯೇ ಬತ್ತೆ."

ನಾನು ಒಳಗೆ ಕಾಲಿಡುವಾಗ ಕುರ್ಚಿಗಳು ಆಗಲೇ ಮಂಚದ ಸುತ್ತ ಇದ್ದವು. ಅತ್ತೆ ಅಂಗಾತ ಮಲಗಿದ್ದರು. ಸ್ಟೂಲಿನ ಮೇಲೆ ಕೆತ್ತಿದ ಬೊಂಡ. ಪಕ್ಕದ ಮನೆಯ ದೊಡ್ಡಮ್ಮ, ಅತ್ತೆಯ ಜೊತೆ ಬುಟ್ಟಿ ಹೊತ್ತು ಮೀನು ಮಾರಿದವರು, ಚಮಚ ತುಂಬಿ ಅತ್ತೆಯ ತುಟಿಯ ಹತ್ತಿರ ಹಿಡಿದಿದ್ದರು. ನನ್ನ ಎದೆ ಗೊರಗೊರ ಎಂದಂತಾಯಿತು. ಹೋಗಿ ಚಮಚ ಕಿತ್ತುಕೊಂಡೆ.

"ಹ್ವಾಯ್, ಎಂತ ಇದ್? ಒಂದ್ ಚಮ್ಚ ಕೊಟ್ರೆ ಎಂತ ಆತ್ತ್?"

"ನ್ಯುಮೋನಿಯಾ ಆತ್ತ್. ನಂಗೆ ಆಯ್ತ್. ಇದೇ ಒಂದ್ ಚಮ್ಚ ಬೊಂಡದ ನೀರಂಗೆ ನಾ ಸಾಯುಕೆ ಹೋಯಿದೆ."

ಯಾರ ಕೈಯಿಂದ ಎಂದು ಹೇಳಲಿಲ್ಲ. ಆದರೆ ಅತ್ತೆಯ ಕಣ್ಣು ತಟ್ಟನೆ ನನ್ನ ಕಡೆ ತಿರುಗಿತು, ಮತ್ತೆ ಬೊಂಡದ ಕಡೆ, ಮತ್ತೆ ನನ್ನ ಕಡೆ. ಅವರಿಗೆ ಗೊತ್ತಾಯಿತು. ಎಡಗೈ ಚಾಚಿ ನನ್ನ ಗಂಟಲಿನ ಹಳೆಯ ಗಾಯದ ಗುರುತನ್ನು ಮುಟ್ಟಿದರು. ನಾನು ಆ ಕೈಯನ್ನು ಹಿಡಿದುಕೊಂಡೆ. ಸುತ್ತ ಕೂತವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಅಗತ್ಯವೂ ಇರಲಿಲ್ಲ.

ಆಮೇಲೆ ನನ್ನ ಕೆಲಸ ಶುರು. "ಅತ್ತೆ, ಎಡಗೈ ಒಂದ್ ಸಲ ಎತ್ತಿರೆ ಹೌದ್, ಎರಡ್ ಸಲ ಎತ್ತಿರೆ ಅಲ್ಲ." ಲಕ್ವ ಹೊಡೆದವರಿಗೆ ಕೆಲವೊಮ್ಮೆ ಹೌದು ಅಲ್ಲಗಳೇ ಕಲಸಿ ಹೋಗಿರುತ್ತವೆ, ಹಾಗಾಗಿ ಮೊದಲು ಪರೀಕ್ಷೆ. ನಾನು ನಿಮ್ಮ ತಮ್ಮನ ಮಗಳಾ? ಒಂದು ಸಲ. ಇದು ಮುಂಬಯಿಯಾ? ಎರಡು ಸಲ. ನೀವು ಮೀನು ಮಾರುವಾಗ ತೂಕದಲ್ಲಿ ಮೋಸ ಮಾಡುತ್ತಿದ್ದಿರಾ? ಎರಡು ಸಲ, ಮಂಚ ಅಲುಗುವಷ್ಟು ಜೋರಾಗಿ. ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅತ್ತೆ ಪೂರ್ತಿ ಎಚ್ಚರದಲ್ಲಿದ್ದರು. ಆಗ ನಾನು ಎಲ್ಲರಿಗೂ ಕೇಳುವಂತೆ, ಗೆಲ್ಲುವ ಖಾತ್ರಿಯಲ್ಲಿ ಕೇಳಿದೆ: "ನಿಮ್ಗೆ ಬೊಂಡದ ನೀರ್ ಬೇಕಾ?"

ಕೈ ಒಂದು ಸಲ ಎದ್ದು ಕೆಳಗಿಳಿಯಿತು. ಕಾದೆ. ಮತ್ತೆ ಏಳಲಿಲ್ಲ.

"ಕಂಡ್ಯಾ?" ಎಂದರು ದೊಡ್ಡಮ್ಮ.

ನನ್ನ ನಿಯಮದಲ್ಲೇ ನಾನು ಸೋತಿದ್ದೆ. ಕೇಳಿದ ಮೇಲೆ ಉತ್ತರಕ್ಕೆ ಬೆಲೆ ಕೊಡಬೇಕು. ಬೇಕಾದ ಉತ್ತರ ಬಂದರೆ ಮಾತ್ರ ಬೆಲೆ ಎಂದರೆ, ನಾನೂ ಆ ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಕೂತಂತೆ. ಹಾಗೆಂದು ಚಮಚ ವಾಪಸು ಕೊಡಲು ಸಾಧ್ಯವಿಲ್ಲ. "ಇವತ್ತ್ ಆತಿಲ್ಲೆ ಅತ್ತೆ. ಕುಡಿಸುಕೆ ದಾರಿ ಹುಡುಕ್ತೆ" ಎಂದೆ.

ಆಸ್ಪತ್ರೆಯಲ್ಲಿ ನುಂಗುವುದನ್ನು ಪರೀಕ್ಷೆ ಮಾಡುವವರು ಇರುತ್ತಾರೆ. ಅಲ್ಲಿಗೆ ಅತ್ತೆಯನ್ನು ಕರೆದೊಯ್ಯಲು ಬಾವನ ಜೊತೆ ಮತ್ತೊಂದು ಜಗಳವಾಯಿತು. "ನುಂಗುಕೆ ಎಂತ ಪರೀಕ್ಷೆ?" ಎಂಬುದು ಅವರ ಪ್ರಶ್ನೆ. ಕೊನೆಗೆ ಹೋದೆವು. ತೆಳು ನೀರು ಸದ್ಯಕ್ಕೆ ಬೇಡವೇ ಬೇಡ, ಮಂದವಾದದ್ದನ್ನು ನೆಟ್ಟಗೆ ಕೂರಿಸಿ, ಗದ್ದ ಎದೆಗೆ ತಗ್ಗಿಸಿ, ಸ್ವಲ್ಪ ಸ್ವಲ್ಪವೇ ಕೊಟ್ಟು ನೋಡಬಹುದು ಎಂದರು. ಬೊಂಡದ ಒಳಗಿನ ಎಳೆ ಗಂಜಿಯನ್ನು ಅದೇ ನೀರಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಚಮಚ ಓರೆ ಮಾಡಿದರೂ ಸುರಿಯದಷ್ಟು ಮಂದ ಮಾಡಿ, ಒಯ್ದು ತೋರಿಸಿದೆ. ಆಗಬಹುದು ಎಂದರು.

ಮನೆಯಲ್ಲಿ ಅತ್ತೆಯನ್ನು ದಿಂಬು ಕೊಟ್ಟು ಕೂರಿಸಿದೆ. ಅರ್ಧ ಚಮಚ. ಗದ್ದ ತಗ್ಗಿತು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಕೆಮ್ಮಿಲ್ಲ. ನಾನು ಕಿವಿಗೊಟ್ಟು ಕೂತಿದ್ದೆ, ಉಸಿರಿನಲ್ಲಿ ಗೊರಗೊರ ಇಲ್ಲ. ಅತ್ತೆ ಮಾತ್ರ, ಮಂಜುಗಡ್ಡೆಯಲ್ಲಿ ಮೂರು ದಿನ ಇಟ್ಟ ಮೀನನ್ನು ಯಾರೋ ಇವತ್ತಿನದು ಎಂದು ಮಾರಲು ಬಂದಂತೆ ಮುಖ ಮಾಡಿದರು.

"ಸಾಕಾ?"

ಎರಡು ಸಲ.

ಊರಿನಲ್ಲಿ ಸುದ್ದಿ ಹೇಗೆ ಹಬ್ಬಿತು ಗೊತ್ತೇ? ಬೊಂಡ ಕೊಟ್ಟ ಮೇಲೆಯೇ ಅವರು ಚೇತರಿಸಿಕೊಂಡದ್ದು, ಆ ಹುಡುಗಿ ಮೊದಲು ಬೇಡ ಎಂದಳು, ಕಡೆಗೆ ಅವಳೇ ಕೊಡಬೇಕಾಯಿತು! ನಾನು ಎಷ್ಟು ಬಾಯಿ ಬಡಿದುಕೊಂಡರೂ ತೆಳು ನೀರಿಗೂ ಮಂದಕ್ಕೂ ಇರುವ ವ್ಯತ್ಯಾಸ ಈ ಬೈಂದೂರಿನಲ್ಲಿ ಯಾರಿಗೂ ಬೇಡ.

ಮೊನ್ನೆ ನಾನು ಅಡುಗೆಮನೆಯಲ್ಲಿ ಮಿಕ್ಸಿ ತೊಳೆಯುತ್ತಿದ್ದೆ. ಹೊರಗಿನಿಂದ ದೊಡ್ಡಮ್ಮನ ದನಿ ಕೇಳಿತು. "ಆ ಹಿಟ್ಟ್ ಯಾರ್ ತಿಂತ್ರ್? ತಕೊ, ಸಮ ನೀರ್ ಕುಡಿ." ಓಡಿದೆ. ಕಾಲೆಳೆದುಕೊಂಡು ಎಷ್ಟು ಓಡಬಹುದೋ ಅಷ್ಟು.

ಚಮಚ ತುಟಿಗೆ ತಾಗಿತ್ತು. ಅತ್ತೆಯ ತುಟಿ ಬಿಗಿದಿತ್ತು. ಎಡಗೈ ಎದ್ದು ಮಂಚಕ್ಕೆ ಬಡಿಯಿತು, ಮತ್ತೆ ಎದ್ದು ಮತ್ತೆ ಬಡಿಯಿತು.

"ನನ್ ಮೇಲೆ ಎಂತಕೋ ಸಿಟ್ಟ್ ಇವ್ಳಿಗೆ" ಎಂದರು ದೊಡ್ಡಮ್ಮ. ಅವರ ಕಣ್ಣು ತುಂಬಿತ್ತು.

"ಸಿಟ್ಟಲ್ಲ ದೊಡ್ಡಮ್ಮ. ಬ್ಯಾಡ ಅಂದದ್ದ್."

"ಪ್ರೀತಿಂದ ತಂದದ್ದಲ್ದಾ?"

ಅತ್ತೆ ಇನ್ನೊಮ್ಮೆ ಎರಡು ಸಲ ಬಡಿದರು. ಪ್ರೀತಿಯಲ್ಲ ಎಂದಲ್ಲ, ಬೇಡ ಎಂದು. ನಾನು ಮತ್ತೆ ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ದೊಡ್ಡಮ್ಮ, ದಂಡವಾಗುತ್ತದೆಂದು ಬೊಂಡವನ್ನು ತಾವೇ ಎತ್ತಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದರು.

ಅವರು ಅಂಗಳ ದಾಟಿದ ಮೇಲೆ ನಾನು ಕೇಳಿದೆ, "ಅತ್ತೆ, ಇನ್ ಇವ್ರ್ ಬಪ್ಪುದ್ ಬ್ಯಾಡ ಅಂತ ಹೇಳುದಾ?"

ಎರಡು ಸಲ.

"ಹಾಂಗಾರೆ ನಾಳೆಯೂ ಬರ್ಲಾ?"

ಒಂದು ಸಲ.

ನನಗೆ ಒಪ್ಪಿಗೆ ಇರಲಿಲ್ಲ. ಆದರೆ ನನ್ನನ್ನು ಯಾರು ಕೇಳಿದರು?